ಯಮನೂರಸಾಬನ ಬಾಗಿಲು ದಾಟದ ಬಂಗಲೆ

ಇರಕಲ್ಲಗಡದ ಗೌಂಡಿ ಯಮನೂರಸಾಬ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಗೋಡೆಯನ್ನು, ಆಮೇಲೆ ಮನೆಯವರನ್ನು. ಹೊಸ್ತಿಲು ದಾಟಿದ್ದೇ ಒಂದು ಕಣ್ಣು ಮುಚ್ಚಿ ಮೂಲೆ ನೋಡುತ್ತಾನೆ, ಅಂಗೈಯಿಟ್ಟು ಸವರುತ್ತಾನೆ, ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುತ್ತಾನೆ. ಒಮ್ಮೆ ಹುಲಿಹೈದರದಲ್ಲಿ ದೂರದ ಸಂಬಂಧಿಯೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದ. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರು. ಇವನು ಬಹಳ ಹೊತ್ತು ಎದುರಿನ ಗೋಡೆಯನ್ನೇ ದಿಟ್ಟಿಸಿದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, ತೀರಿಕೊಂಡವರ ಮಗನ ಕೈ ಹಿಡಿದು, "ಆದದ್ದು ಆತು ತಮ್ಮಾ, ಅಲ್ಲಾ ಕೊಟ್ಟಿದ್ದ, ಅಲ್ಲಾ ಒಯ್ದ. ಆದ್ರ ಈ ಮೂಲಿ ಎರಡು ಬೆರಳು ಹೊರಗ ಹೋಗೈತಿ. ಯಾರು ಕಟ್ಟಿದ್ರು ಇದನ್ನ?" ಎಂದ. ಅಂದಿನಿಂದ ಅವನ ಹೆಂಡತಿ ದಾವಲಬೀ ಅವನನ್ನು ಸಾವಿನ ಮನೆಗೆ ಒಬ್ಬನನ್ನೇ ಕಳಿಸುವುದಿಲ್ಲ.

ಕೆಲಸಗಾರನೇನೋ ಗಟ್ಟಿಗ. ಸುತ್ತಲಿನ ಊರುಗಳಲ್ಲೆಲ್ಲ ಅವನು ಕಟ್ಟಿದ ಮನೆಗಳಿವೆ. "ಮಂಗಳೂರಿನ್ಯಾಗೂ ಕಟ್ಟೀನಿ" ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುತ್ತಾನೆ. ಅವರು ಸಮುದ್ರದ ದಂಡೆಯ ಮಂಗಳೂರೆಂದು ತಿಳಿದು ಬೆರಗಾಗುತ್ತಾರೆ. ಅದು ಯಲಬುರ್ಗಾ ಕಡೆಯ ಮಂಗಳೂರು ಎಂದು ತಿದ್ದುವ ಗೋಜಿಗೆ ಅವನು ಹೋಗುವುದಿಲ್ಲ.

ಇಂಥವನಿಗೆ ಮೊಣಕಾಲು ಕೈಕೊಟ್ಟವು. ಇನ್ನು ಸಾರವೆ ಹತ್ತಕೂಡದು ಎಂದು ಡಾಕ್ಟರು ಹೇಳಿದರು. ಯಮನೂರಸಾಬ ಮನೆಯಲ್ಲಿ ಕೂತ, ಮನೆಯವರಿಗೆ ಕುತ್ತು ಬಂತು. ಸೊಸೆ ಶಮಾ ಬಟ್ಟೆ ಒಣಹಾಕಿದರೆ ಹಗ್ಗ ನಡುವೆ ಇಳಿಬಿದ್ದಿದೆ ಎನ್ನುತ್ತಿದ್ದ. ದಾವಲಬೀ ರೊಟ್ಟಿ ಬಡಿದರೆ, ಅಂಚು ಒಂದು ಕಡೆ ದಪ್ಪವಾಯಿತೆಂದು ಬೆರಳಿಟ್ಟು ತೋರಿಸುತ್ತಿದ್ದ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರಿಂದ ಉಪ್ಪು ಯಾವುದು, ಸೋಡಾ ಯಾವುದು ತಿಳಿಯದೆ ಒಂದು ದಿನದ ಸಾರು ಹಾಳಾಯಿತು.

"ನನ್ನ ಗಂಡ ಕೆಲಸ ಬಿಟ್ಟಿಲ್ಲವ್ವಾ, ಕೆಲಸಾನ ಮನಿಗೆ ತಂದಾನ" ಎಂದು ದಾವಲಬೀ ಪಕ್ಕದ ಮನೆಯ ಪಕ್ಕೀರವ್ವನ ಮುಂದೆ ಗೋಳು ತೋಡಿಕೊಂಡಳು.

ಅಂಥ ದಿನಗಳಲ್ಲೇ ದಾವಲಬೀಯ ತಮ್ಮ ಶಫೀಸಾಬ ಗಂಗಾವತಿಯಿಂದ ಒಂದು ದೊಡ್ಡ ಚೀಲ ತಂದು ಹೊಸ್ತಿಲ ಒಳಗೆ ಇಳಿಸಿದ. ಅವನದು ಗುಜರಿ ವ್ಯಾಪಾರ. ಯಾವುದೋ ಸಣ್ಣ ಮಕ್ಕಳ ಶಾಲೆ ಮುಚ್ಚಿತೆಂದು ಅಲ್ಲಿನ ಆಟಿಕೆಗಳನ್ನೆಲ್ಲ ತೂಕಕ್ಕೆ ಕೊಂಡಿದ್ದ. ಚೀಲದ ತುಂಬ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಪ್ಲಾಸ್ಟಿಕ್ ಇಟ್ಟಿಗೆಗಳು. ಒಂದೊಂದರ ಮೇಲೂ ಗುಳ್ಳೆಯೆದ್ದಂತೆ ಉಬ್ಬುಗಳು. ಒಂದರ ಮೇಲೊಂದು ಒತ್ತಿದರೆ ಕಟಕ್ಕೆಂದು ಕಚ್ಚಿಕೊಳ್ಳುತ್ತಿದ್ದವು.

"ನನ್ನ ಶೆಡ್ಡಿನ್ಯಾಗ ಕಾಲಿಡಾಕ ಜಾಗ ಇಲ್ಲ ಆಪಾ. ಮುಂದಿನ ವಾರ ಕರಗಿಸೋರು ಬರ್ತಾರ, ಒಯ್ತೀನಿ" ಎಂದು ಹೇಳಿ ಅವನು ಹೋದ.

ಅವನ ಟೆಂಪೋ ಓಣಿಯ ತಿರುವು ದಾಟುವ ಮೊದಲೇ ಮೊಮ್ಮಗಳು ಮುಬಾಶಿರಾ ಚೀಲದೊಳಗೆ ಸೊಂಟದವರೆಗೆ ಇಳಿದಿದ್ದಳು. ಎಷ್ಟು ಮಕ್ಕಳ ಮೂಗಿನ ನೀರು ಅಂಟಿದೆಯೋ ಎಂದು ದಾವಲಬೀ ಅವಳನ್ನು ಎತ್ತಿ ಆಚೆ ನಿಲ್ಲಿಸಿ, ಇಟ್ಟಿಗೆಗಳನ್ನೆಲ್ಲ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು ಮಾಳಿಗೆಯ ಮೇಲೆ ಹೊರಸಿನಲ್ಲಿ ಹರವಿದಳು. ಪಕ್ಕದ ಮಾಳಿಗೆಯಿಂದ ಪಕ್ಕೀರವ್ವ ಇಣುಕಿದಳು.

"ಏನ್ ಹಾಕೀಯಕ್ಕಾ, ಬಣ್ಣದ ಸಂಡಿಗಿ?"

"ಇಟ್ಟಂಗಿ ನಮ್ಮವ್ವಾ."

"ಇಟ್ಟಂಗೀನ ಯಾರರ ತೊಳದು ಒಣಗಿಸ್ತಾರನ? ಗೌಂಡಿ ಮಾವನ ಕಾಟಕ್ಕ ನಿನ್ನ ತಲಿ ಕೆಟ್ಟಿರಬೇಕು" ಎಂದು ಪಕ್ಕೀರವ್ವ ನಕ್ಕಳು.

ಸಂಜೆ ದಾವಲಬೀ, ಶಮಾ, ಮುಬಾಶಿರಾ ಮೂವರೂ ನಡುಮನೆಯಲ್ಲಿ ಕೂತು ಒಂದು ಮನೆ ಕಟ್ಟಿದರು. ಯಮನೂರಸಾಬ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದ. "ಸಿಮೆಂಟಿಲ್ಲ, ಉಸುಕಿಲ್ಲ, ಕ್ಯೂರಿಂಗಿಲ್ಲ. ಅದೂ ಒಂದು ಗ್ವಾಡೀನ?" ಎಂದ. ಮೂವರೂ ಕಟ್ಟುತ್ತಲೇ ಇದ್ದರು. ಆದರೆ ಅವನ ಜೀವಕ್ಕೆ ಸಮಾಧಾನವಿರಲಿಲ್ಲ. ಆ ಹೆಂಗಸರು ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ನೇರಾನೇರ ಕೂರಿಸಿದ್ದರು. ಸಂದಿನ ಮೇಲೆ ಸಂದು, ಅದರ ಮೇಲೆ ಮತ್ತೊಂದು ಸಂದು, ಕೆಳಗಿನಿಂದ ಮೇಲಿನವರೆಗೆ ಒಂದೇ ಗೆರೆ. ಹಾಗೆ ಕಟ್ಟಿದ ಗೋಡೆ ಆ ಗೆರೆಯಲ್ಲೇ ಸೀಳುತ್ತದೆ, ಗೌಂಡಿಯಾದವನು ನೋಡಬಾರದ ನೋಟ ಅದು. ಊಟಕ್ಕೆ ಕೂತರೂ ಅವನ ಕಣ್ಣು ಆ ಗೆರೆಯ ಮೇಲೇ ಇತ್ತು. ಎರಡನೆಯ ರೊಟ್ಟಿ ಬೇಡವೆಂದು ಎದ್ದ.

ಬೆಳಿಗ್ಗೆ ಮುಬಾಶಿರಾ ಎದ್ದು ನೋಡಿದರೆ ಮನೆಯಿತ್ತು, ಆದರೆ ಅದು ಅವಳ ಮನೆಯಾಗಿರಲಿಲ್ಲ. ಗೋಡೆಯ ಬಣ್ಣಗಳೆಲ್ಲ ಸ್ಥಳ ಬದಲಿಸಿದ್ದವು. ಅವಳು ಪುಟ್ಟ ಹೂವು ಸಿಕ್ಕಿಸಿದ್ದ ಕಡೆ ಬೋಳು ಗೋಡೆ. ಹುಡುಗಿ ಮನೆ ಹಾರಿಹೋಗುವಂತೆ ಕಿರುಚಿದಳು.

"ಬೆಕ್ಕು ಬಂದಿತ್ತವಾ, ನಾನ ನೋಡಿದೆ" ಎಂದ ಯಮನೂರಸಾಬ ಮುಖ ಅತ್ತ ತಿರುಗಿಸಿ.

ಮರುದಿನವೂ ಬೆಕ್ಕು ಬಂತು. ಮೂರನೆಯ ಸಲ ದಾವಲಬೀ ಕಾದು ಕೂತಳು. ನಸುಕಿನ ನಮಾಜು ಮುಗಿಸಿ ಬಂದ ಯಮನೂರಸಾಬ ಚಪ್ಪಲಿ ಕಳಚಿ, ಸದ್ದಾಗದಂತೆ ಕಾಲು ಚಾಚಿ ಕುಳಿತ. ಜೇಬಿನಿಂದ ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು ತೆಗೆದ. ಎರಡಾಳೆತ್ತರದ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಆ ಗುಂಡನ್ನು ಗೇಣುದ್ದದ ಗೋಡೆಯ ಪಕ್ಕ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದ.

"ಮುಬಾಶಿರಾ, ಬಾರವಾ ಲಗೂನ!" ಎಂದು ದಾವಲಬೀ ಕೂಗಿದಳು. "ಬೆಕ್ಕು ಗುಂಡು ಹಿಡ್ಕೊಂಡು ಕುಂತೈತಿ ನೋಡು!"

ಕಳ್ಳ ಸಿಕ್ಕಿಬಿದ್ದ ಮೇಲೆ ಮುಚ್ಚುಮರೆ ಏಕೆ? ಅಂದಿನಿಂದ ಯಮನೂರಸಾಬ ಬಹಿರಂಗವಾಗಿಯೇ ಕೆಲಸಕ್ಕಿಳಿದ, ಮನೆಯ ಪಕ್ಕ ಮನೆ ಏಳತೊಡಗಿದವು. ಮೇಸ್ತ್ರಿಗಿರಿಯೂ ಶುರುವಾಯಿತು. ಪಾಯದ ಸಾಲು ಅವನೇ ಹಾಕಬೇಕು, ಇಟ್ಟಿಗೆ ಕೊಡುವವರು ಬಲಗಡೆಯಿಂದಲೇ ಕೊಡಬೇಕು, ಹಳದಿ ಹೊರಗೋಡೆಗೆ, ಬಿಳಿ ಒಳಗೋಡೆಗೆ. ಕೆಲಸದ ಜಾಗದಲ್ಲಿ ಗೌಂಡಿಗೆ ಮುಂಜಾನೆ ಒಂದು, ಸಂಜೆ ಒಂದು ಚಹಾ ಸಲ್ಲುವುದು ವಾಡಿಕೆ, ಅದೂ ಬರಬೇಕು. "ಮನಿ ಮಾಲಕರು ಚಾ ಕಳಿಸಿಲ್ಲಲ್ಲ ಇನ್ನೂ" ಎಂದು ನಡುಮನೆಯಿಂದ ಅಡುಗೆಮನೆಗೆ ಕೇಳುವಂತೆ ಗೊಣಗುತ್ತಿದ್ದ. ದಾವಲಬೀ ಬೈಯುತ್ತಲೇ ಚಹಾ ತಂದಿಡುತ್ತಿದ್ದಳು. ಬೈದರೂ ಅವಳಿಗೆ ಒಳಗೊಳಗೇ ಹಿತವಾಗಿತ್ತು. ಗಂಡ ರೊಟ್ಟಿಯ ಅಂಚು ನೋಡುವುದನ್ನು ಬಿಟ್ಟಿದ್ದ.

ಕಟಕ್ ಕಟಕ್ ಸದ್ದು ಓಣಿಗೂ ಕೇಳಿಸಿತು. ಪಕ್ಕೀರವ್ವನ ಗಂಡ ಓಬಳೆಪ್ಪ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಎಲ್ಲಾ ಛಲೋ ಐತಿ ಯಮನೂರ ಮಾವಾ. ಆದ್ರ ನಿಮ್ಮ ಊರಾಗ ಮಂದಿ ನೀರು ಎಲ್ಲಿ ಕುಡೀತಾರ?"

"ಇನ್ನೂ ಸ್ಲ್ಯಾಬ್ ಬಿದ್ದಿಲ್ಲ, ನೀರಂತ ನೀರು."

"ನೀರಿಲ್ಲದ ಊರಿಗೆ ಹೆಣ್ಣ ಕೊಡೂದಿಲ್ಲ ಯಾರೂ" ಎಂದು ಓಬಳೆಪ್ಪ ಅಲ್ಲೇ ಕೂತು ನೀರಿನ ಟಾಕಿ ಕಟ್ಟತೊಡಗಿದ. ಮರುದಿನ ಅವನ ಹಿಂದೆ ಪಕ್ಕೀರವ್ವನೂ ಬಂದಳು. ವಾರ ಕಳೆದು ಚೀಲ ಒಯ್ಯಲೆಂದು ಬಂದ ಶಫೀಸಾಬ, ಅಕ್ಕನ ಮನೆ ತುಂಬ ಜನ ನೆಲಕ್ಕೆ ಕೂತಿದ್ದನ್ನು ಕಂಡು, ಏನೋ ಆಗಬಾರದ್ದು ಆಗಿದೆಯೆಂದು ಟೋಪಿ ಸರಿಮಾಡಿಕೊಂಡು ಗಂಭೀರವಾಗಿ ಒಳಗೆ ಬಂದ. ಸಂಗತಿ ತಿಳಿದ ಮೇಲೆ ಅವನೂ ಕುಳಿತ. ಸಂಜೆಯವರೆಗೆ ಒಂದು ಲಾರಿ ಮಾಡಿದ. ಹೋಗುವಾಗ, "ಇರಲಿ ಬಿಡ್ರಿ ಭಾವಾ, ಕರಗಿಸೋದು ಯಾಕ, ಕರಗಿಸಾಕ ಒಡದ ಬಕೀಟು ಅದಾವು" ಎಂದು ಬರಿಗೈಯಲ್ಲಿ ಹೋದ. ಚೀಲ ಈ ಮನೆಯದೇ ಆಯಿತು.

ಯಮನೂರಸಾಬನಿಗೆ ತಲೆನೋವಾದವಳು ಪಕ್ಕೀರವ್ವ. ಹೊಲದ ಕೂಲಿಗೆ ಹೋಗುವ ಹೆಂಗಸು, ಶೇಂಗಾ ಹರಿದು ಹರಿದು ಬೆರಳು ಚುರುಕಾಗಿದ್ದವು. ಪಾಯ ಕೇಳಲಿಲ್ಲ, ಗುಂಡು ಕೇಳಲಿಲ್ಲ. ಬಲಗಡೆ ಎಡಗಡೆ ಎನ್ನದೆ ಕೈಗೆ ಸಿಕ್ಕ ಇಟ್ಟಿಗೆ ಒತ್ತುತ್ತಾ, ಓಣಿಯ ಸುದ್ದಿ ಹೇಳುತ್ತಾ, ಮಾತು ಮುಗಿಯುವಷ್ಟರಲ್ಲಿ ಒಂದು ಎಮ್ಮೆ ಮಾಡಿ ನೆಲದ ಮೇಲೆ ನಿಲ್ಲಿಸಿದಳು. ಕಪ್ಪು ಸಾಲದೆಂದು ಹಿಂಗಾಲಿಗೆ ನೀಲಿ ಹಾಕಿದ್ದಳು. ಕತ್ತು ಒಂದು ಕಡೆ ವಾಲಿತ್ತು. ಆದರೆ ನೋಡಿದವರಿಗೆಲ್ಲ, ಈಗ ಬಾಲ ಬೀಸಿ ನೊಣ ಓಡಿಸುತ್ತದೆ ಎನ್ನಿಸುವಂತಿತ್ತು.

"ಇಟ್ಟಂಗಿ ಇರೂದು ಮನಿ ಕಟ್ಟಾಕ, ಎಮ್ಮಿ ಕಟ್ಟಾಕಲ್ಲ" ಎಂದ ಯಮನೂರಸಾಬ.

"ಎಮ್ಮೀನೂ ಕಟ್ಟತಾರ್ರೀ ಮಾವಾ, ಗೂಟಕ್ಕ" ಎಂದಳು ಪಕ್ಕೀರವ್ವ.

ನಗು ಓಣಿಯ ತುದಿಗೆ ಮುಟ್ಟಿತು. ಅಂದಿನಿಂದ ಸಂಜೆ ಬಂದ ಜನ ಹೊಸ್ತಿಲಲ್ಲೇ "ಎಮ್ಮಿ ಎಲ್ಲೈತಿ?" ಎಂದು ಕೇಳುತ್ತಿದ್ದರು. ಎಮ್ಮೆಯ ಬೆನ್ನು ಸವರಿ, ಅದು ಎಷ್ಟು ಹಾಲು ಕೊಡುತ್ತದೆ ಎಂದು ವಾದ ಮಾಡಿ, ಯಮನೂರಸಾಬನ ಮನೆಗಳನ್ನು ದಾಟಿಕೊಂಡು ಹೋಗುತ್ತಿದ್ದರು. ನೆಟ್ಟಗಿದ್ದ ಗೋಡೆಯನ್ನು ಯಾರು ಹೊಗಳುತ್ತಾರೆ? ನೆಟ್ಟಗಿರುವುದು ಗೋಡೆಯ ಧರ್ಮ. ಇದು ಅವನಿಗೂ ಗೊತ್ತಿತ್ತು, ಆದರೂ ಹೊಟ್ಟೆ ಉರಿಯಿತು. ಒಂದು ಪ್ಲಾಸ್ಟಿಕ್ ಎಮ್ಮೆಯ ಮೇಲೆ ಮತ್ಸರಪಡುತ್ತಿದ್ದೇನೆ ಎಂದು ತಿಳಿದಾಗ ಇನ್ನಷ್ಟು ಉರಿಯಿತು.

ಆಗ ಅವನು ಬಂಗಲೆಗೆ ಕೈಹಾಕಿದ. ಎಮ್ಮೆಯನ್ನು ಜನ ಮರೆಯುವಂಥ ಬಂಗಲೆ. ಎರಡು ಅಂತಸ್ತು, ಮುಂದೆ ಕಂಬಗಳ ಪಡಸಾಲೆ, ಒಳಗೆ ಮೆಟ್ಟಿಲು, ಮೇಲೆ ಮಾಳಿಗೆಯ ಅಂಚಿಗೆ ಜಾಲಂದ್ರದ ಕಟಾಂಜನ. ಜೀವನವಿಡೀ ಬೇರೆಯವರ ಮನೆ ಕಟ್ಟುವಾಗ, ನನ್ನದಾಗಿದ್ದರೆ ಹೀಗೆ ಮಾಡುತ್ತಿದ್ದೆ ಎಂದುಕೊಂಡದ್ದನ್ನೆಲ್ಲ ಅದರಲ್ಲಿ ತಂದಿಟ್ಟ. ಮುಬಾಶಿರಾ ಬಣ್ಣ ಆರಿಸಿ ಕೊಟ್ಟಳು. ಶಮಾ ಕಿಟಕಿಗಳನ್ನು ಕೂರಿಸಿದಳು. ದಾವಲಬೀ ಅಡುಗೆಮನೆ ಎಲ್ಲಿ ಬರಬೇಕೆಂದು ಹೇಳಿದಳು, ಈ ಸಲ ಅವನು ಕೇಳಿದ. ಗಾಡಿ ಓಡಿಸಿ ದಣಿದು ಬರುವ ಮಗ ಮಂಜೂರ ಕೂಡ, ಊಟವಾದ ಮೇಲೆ ಒಂದು ಕಂಬ ಎಬ್ಬಿಸದೆ ಹಾಸಿಗೆಗೆ ಹೋಗುತ್ತಿರಲಿಲ್ಲ. ಗೋಡೆಯೆದ್ದಂತೆ ಬಂಗಲೆ ಅಗಲವಾಯಿತು. ನಡುಮನೆಯಲ್ಲಿ ನಡೆಯಲು ಜಾಗವಿಲ್ಲದೆ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಪಕ್ಕಪಕ್ಕಕ್ಕೆ ಸರಿಯುತ್ತಾ ಓಡಾಡಿದರು.

ಶಮಾ ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಊರ ಗ್ರಂಥಾಲಯ ನೋಡಿಕೊಳ್ಳುವ ಸುಕನ್ಯಾ ಅದನ್ನು ನೋಡಿ ಮರುದಿನವೇ ಮನೆಗೆ ಬಂದಳು. "ಕಾಕಾ, ಇದನ್ನ ಐತವಾರ ಗ್ರಂಥಾಲಯಕ್ಕ ತರ್ರಿ. ಹುಡುಗ್ರನ್ನೆಲ್ಲ ಕರೀತೀನಿ. ಪಕ್ಕೀರವ್ವಾರ ಎಮ್ಮೀನೂ ಬರಲಿ."

ಎಮ್ಮೆಯ ಮಾತು ಯಮನೂರಸಾಬ ಕೇಳಿಸಿಕೊಳ್ಳಲಿಲ್ಲ. ಐತವಾರ ಬಿಳಿ ಜುಬ್ಬಾ ಹಾಕಿ, ಅತ್ತರು ಹಚ್ಚಿಕೊಂಡು ನಿಂತ. ಓಬಳೆಪ್ಪ, ಮಂಜೂರ ಬಂಗಲೆಯ ಅಡಿಗೆ ಪ್ಲೈವುಡ್ ಹಲಗೆ ಸರಿಸಿ, "ಹೈಸಾ" ಎಂದು ಎತ್ತಿ ಬಾಗಿಲವರೆಗೆ ತಂದರು. ಅಲ್ಲಿ ನಿಂತರು. ಬಂಗಲೆ ಬಾಗಿಲಿಗಿಂತ ಅಗಲವಾಗಿತ್ತು.

ಓಬಳೆಪ್ಪ ಬಂಗಲೆ ನೋಡಿದ, ಬಾಗಿಲು ನೋಡಿದ, ಮತ್ತೆ ಬಂಗಲೆ ನೋಡಿದ.

"ಮಾವಾ, ಬಾಗಿಲಿನ ಅಳತಿ ತಗೊಂಡಿದ್ದಿಲ್ಲನ?"

"ನಾನು ಕಟ್ಟಿದ ಮನಿ ಯಾವುದೂ ಈತನಕ ಎದ್ದು ಹೋಗಿಲ್ಲ" ಎಂದ ಯಮನೂರಸಾಬ. "ಅಳತಿ ಯಾಕ ಬೇಕಿತ್ತು?"

ಅವನು ಟೇಪು ತಂದು ಬಾಗಿಲು ಅಳೆದ. ಚೌಕಟ್ಟಿನ ಅಂಚು ಕುಟ್ಟಿ ನೋಡಿದ. ಅವನ ಕಣ್ಣು ಮೂಲೆಯಲ್ಲಿದ್ದ ಸುತ್ತಿಗೆಯ ಕಡೆ ಹೋಯಿತು. ಅದನ್ನು ನೋಡಿದ ದಾವಲಬೀ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಚೌಕಟ್ಟಿಗೆ ಕೈ ಹಚ್ಚಿದ್ರ, ನೀವು ಆ ಬಂಗಲೇದಾಗ ಇರಬೇಕಾಕ್ಕೈತಿ ನೋಡ್ರಿ. ನಾನಂತೂ ಬರಂಗಿಲ್ಲ."

"ಎರಡು ತುಂಡು ಮಾಡ್ರಿ ದಾದಾ" ಎಂದಳು ಮುಬಾಶಿರಾ.

"ಕಟ್ಟಿದ ಮನಿ ಒಡೆಯೋ ಕೈ ಅಲ್ಲ ನಮ್ಮವ್ವಾ ಇದು."

"ಹಂಗಾರ ಬೀರು ಸಾಗಿಸಿದಂಗ ಓರಿ ಮಾಡೂಣು" ಎಂದ ಓಬಳೆಪ್ಪ.

ಓರೆ ಮಾಡಿದರು. ಪಡಸಾಲೆ ಕಳಚಿ ಅವನ ಕಾಲ ಮೇಲೆ ಬಿತ್ತು. ಮೆಟ್ಟಿಲು ಜಾರಿತು. ಉಳಿದದ್ದು ಹೇಗೋ ದಾಟಿತು. ಬಿದ್ದದ್ದನ್ನು ಅಲ್ಲೇ ಸಿಕ್ಕಿಸಿ, ಮಂಜೂರನ ಗೂಡ್ಸ್ ಗಾಡಿಯಲ್ಲಿ ಗಾದಿ ಹಾಸಿ ಬಂಗಲೆಯನ್ನು ಕೂರಿಸಿದರು. ಯಮನೂರಸಾಬ ಕೈಕಾಲು ಚಾಚಿ ಅದನ್ನು ತಬ್ಬಿ ಕುಳಿತ. ಗಾಡಿ ಎಷ್ಟು ನಿಧಾನಕ್ಕೆ ಹೊರಟಿತೆಂದರೆ, ನಡೆದು ಹೊರಟವರು ಮುಂದೆ ಹೋಗಿ ನಿಂತು ಕಾಯಬೇಕಾಯಿತು. ಪಕ್ಕೀರವ್ವ ಎಮ್ಮೆಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಎರಡೂ ಕೈ ಬೀಸುತ್ತಾ ನಡೆಯುತ್ತಿದ್ದಳು.

ಗ್ರಂಥಾಲಯ ಇನ್ನೇನು ಬಂತು ಎನ್ನುವಾಗ ಒಂದು ಕೋಳಿ ರಸ್ತೆ ದಾಟಲು ಹೊರಟಿತು. ನಡುವೆ ಮನಸ್ಸು ಬದಲಿಸಿತು. ಮಂಜೂರ ಬ್ರೇಕ್ ಒತ್ತಿದ.

ಬಂಗಲೆ ಮೊದಲು ಮುಂದಕ್ಕೆ ಬಾಗಿತು, ಸಲಾಮು ಮಾಡಿದಂತೆ. ಆಮೇಲೆ ಹಿಂದಕ್ಕೆ ಬಂದು ಯಮನೂರಸಾಬನ ಮೇಲೆ ಇಡೀ ಮೇಲಂತಸ್ತು ಸುರಿಯಿತು. ಇಟ್ಟಿಗೆಗಳು ಗಾಡಿಯ ಅಂಚಿನಿಂದ ಚಿಮ್ಮಿ ರಸ್ತೆಗೆ, ಗಟಾರಕ್ಕೆ, ಕಿರಾಣಿ ಅಂಗಡಿಯ ಮುಂದಿನ ಅಕ್ಕಿ ಚೀಲದೊಳಕ್ಕೆ ಹೋದವು. ಯಮನೂರಸಾಬ ಕತ್ತಿನವರೆಗೆ ಅವಶೇಷಗಳಲ್ಲಿ ಹುಗಿದು ಕೂತಿದ್ದ. ಜುಬ್ಬಾದ ಜೇಬಿನಲ್ಲೊಂದು ಕಿಟಕಿ, ಟೋಪಿಯ ಮೇಲೊಂದು ಕಂಬ.

ಮಂಜೂರ ಇಳಿದು ಬಂದು ಅಪ್ಪನ ಮುಖ ನೋಡಲಾರದೆ ಕೋಳಿಯನ್ನು ಬೈಯತೊಡಗಿದ. ಯಾರಿಗೂ ನಗಲು ಧೈರ್ಯವಿರಲಿಲ್ಲ. ಕಡೆಗೆ ದಾವಲಬೀ ಹತ್ತಿರ ಬಂದು ಟೋಪಿಯ ಮೇಲಿನ ಕಂಬ ತೆಗೆದಳು.

"ಪೆಟ್ಟು ಬಿತ್ತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ" ಎಂದ ಅವನು. ಮೈಮೇಲಿನ ರಾಶಿ ನೋಡಿಕೊಂಡು, "ಸಿಮೆಂಟ್ ಇದ್ದಿದ್ರ ನಾನು ಉಳೀತಿದ್ದಿಲ್ಲ" ಎಂದ.

ಆಮೇಲೆ ಯಾರಿಗೂ ನಗು ತಡೆಯಲಿಲ್ಲ. ದಾವಲಬೀ ಸೆರಗು ಬಾಯಿಗೆ ಒತ್ತಿಕೊಂಡಳು, ಪಕ್ಕೀರವ್ವ ಬುಟ್ಟಿ ಹಿಡಿದುಕೊಂಡು ರಸ್ತೆಯಲ್ಲೇ ಕುಳಿತಳು. ಕಿರಾಣಿ ಅಂಗಡಿಯವನು ಅಕ್ಕಿಯಿಂದ ಇಟ್ಟಿಗೆ ಆರಿಸಿ ಕೊಡುತ್ತಾ ನಕ್ಕ. ಸುತ್ತಲಿನ ಮನೆಗಳಿಂದ ಬಕೆಟು, ಪುಟ್ಟಿ ಬಂದವು. ಬಿದ್ದದ್ದನ್ನೆಲ್ಲ ಬಳಿದು ತುಂಬಿಕೊಂಡು ಮೆರವಣಿಗೆ ಮುಂದೆ ಹೋಯಿತು.

ಸುಕನ್ಯಾ ಗ್ರಂಥಾಲಯದಲ್ಲಿ ಜಮಖಾನೆ ಹಾಸಿ, ಹುಡುಗರನ್ನು ಸಾಲಾಗಿ ಕೂರಿಸಿ ಕಾಯುತ್ತಿದ್ದಳು. ಬಕೆಟುಗಳನ್ನು ನೋಡಿ ಸಂಗತಿ ತಿಳಿದುಕೊಂಡಳು. ಯಮನೂರಸಾಬ ಬಾಗಿಲಲ್ಲೇ ನಿಂತು, ವಾಪಸು ಹೋಗುವುದಾಗಿ ಹೇಳಿದ.

"ಛಲೋನ ಆತು ಬಿಡ್ರಿ ಕಾಕಾ" ಎಂದಳು ಅವಳು. "ಕಟ್ಟಿದ್ದು ತಂದಿದ್ರ ಇವು ದೂರ ನಿಂತು ನೋಡಿ ಮನಿಗೆ ಹೋಗ್ತಿದ್ವು. ಸುರೀರಿ ಇಲ್ಲೇ."

ಸುರಿದರು. ಹುಡುಗರು ಮಾತ್ರವಲ್ಲ, ಪೇಪರು ಓದಲು ಬಂದ ಮುದುಕರೂ, ಮಕ್ಕಳನ್ನು ಬಿಡಲು ಬಂದ ತಾಯಂದಿರೂ ಇಟ್ಟಿಗೆಯ ರಾಶಿಗೆ ಮುತ್ತಿದರು. ಒಬ್ಬ ಬಸ್ಸು ಮಾಡಿದ, ಒಬ್ಬಳು ಒಲೆ ಮಾಡಿದಳು. ಓಬಳೆಪ್ಪ ಮತ್ತೆ ಟಾಕಿ ಹಾಕಿದ. ಎಲ್ಲೆಲ್ಲೂ ಸಂದಿನ ಮೇಲೆ ಸಂದು ಬರುತ್ತಿತ್ತು. ಯಮನೂರಸಾಬನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಲ್ಲಿ ಗುಂಡಿನ ಬದಲು ಬಂಗಲೆಯ ಕಿಟಕಿ ಸಿಕ್ಕಿತು.

ಅಷ್ಟರಲ್ಲಿ ಒಂದು ಸಣ್ಣ ಹುಡುಗಿ ಅವನ ಮುಂದೆ ಬಂದು ನಿಂತಳು. "ನನಗೊಂದು ಆಡು ಮಾಡಿ ಕೊಡ್ರಿ" ಎಂದಳು.

"ಮನಿ ಕಟ್ಟಿಕೊಡ್ಲೇನವಾ?"

"ಮನಿ ಐತ್ರಿ. ಆಡು ಇಲ್ಲ."

ಯಮನೂರಸಾಬ ಕಾಲು ಚಾಚಿ ಕುಳಿತು ಶುರುಮಾಡಿದ. ನಾಲ್ಕು ಕಾಲು ಎಬ್ಬಿಸಿದ, ನಾಲ್ಕೂ ಒಂದೇ ಎತ್ತರ. ಮೇಲೆ ಹೊಟ್ಟೆಯ ಸ್ಲ್ಯಾಬು ಹಾಕಿದ. ಒಂದು ತುದಿಗೆ ತಲೆ ಕೂರಿಸಿದ. ಹುಡುಗಿ ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ ಕೆಳಗಿಟ್ಟಳು.

"ಇದು ಬಸ್‌ಸ್ಟ್ಯಾಂಡ್ ರೀ."

"ಆಡು ನಮ್ಮವ್ವಾ. ಇಲ್ನೋಡು, ಕೋಡು."

"ಬಸ್‌ಸ್ಟ್ಯಾಂಡಿಗೆ ಕೋಡು ಹಚ್ಚೀರಿ" ಎಂದು ಹೇಳಿ ಅವಳು ಪಕ್ಕೀರವ್ವನ ಹತ್ತಿರ ಹೋದಳು.

ಯಮನೂರಸಾಬ ಆ ಆಡನ್ನು ಕಣ್ಣೆತ್ತರಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ನಿಜಕ್ಕೂ ಬಸ್‌ಸ್ಟ್ಯಾಂಡೇ. ಒಳಗೆ ಬೆಂಚು ಹಾಕಿದರೆ ಜನ ಬಂದು ಕೂರುತ್ತಿದ್ದರು. ಅವನಿಗೆ ಎಲ್ಲಿಂದಲೋ ನಗು ಬಂತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜಗಳಲ್ಲಿ. ಸುಕನ್ಯಾ ನೀರು ಬೇಕೇ ಎಂದು ಓಡಿ ಬರುವಷ್ಟು ನಕ್ಕ. ಬದುಕಿನಲ್ಲಿ ಅವನು ಕಟ್ಟಿದ್ದು ಸೊಟ್ಟಗಾದದ್ದಿಲ್ಲ. ಸೊಟ್ಟಗಾಗಬೇಕಾದದ್ದು ನೆಟ್ಟಗಾದದ್ದು ಇದೇ ಮೊದಲು.

ಈಗ ಐತವಾರ ಗ್ರಂಥಾಲಯದಲ್ಲಿ ಜಮಖಾನೆ ಹಾಸುವುದು ರೂಢಿಯಾಗಿದೆ. ಬಂಗಲೆಯ ಮಾತು ಯಾರೂ ಎತ್ತುವುದಿಲ್ಲ, ಯಮನೂರಸಾಬನೇ ಎತ್ತಿ ಎಲ್ಲರನ್ನೂ ನಗಿಸುತ್ತಾನೆ, ಕೋಳಿಯನ್ನು ಪ್ರತಿಸಲ ಇನ್ನಷ್ಟು ದೊಡ್ಡದು ಮಾಡಿ ಹೇಳುತ್ತಾನೆ. ಆದರೆ ಆಡು ಮಾತ್ರ ಅವನನ್ನು ಬಿಟ್ಟಿಲ್ಲ. ಮೊನ್ನೆ ಮುಂಜಾನೆ ಊರ ಅಗಸಿಬಾಗಿಲ ಹತ್ತಿರ, ಆಡು ಸಾಕುವ ಕಾಶಿನಾಥನ ಕೊಟ್ಟಿಗೆಯ ಮುಂದೆ ಒಂದು ಕಲ್ಲಿನ ಮೇಲೆ ಕೂತು, ಗೂಟಕ್ಕೆ ಕಟ್ಟಿದ್ದ ಆಡೊಂದನ್ನು ಮುಂದಿನಿಂದ, ಹಿಂದಿನಿಂದ, ಬಗ್ಗಿ ಹೊಟ್ಟೆಯ ಕೆಳಗಿನಿಂದ ನೋಡುತ್ತಿದ್ದ. ಆಡು ಮೇಯುವುದು ಬಿಟ್ಟು ಅವನನ್ನೇ ನೋಡುತ್ತಿತ್ತು.

ಕಾಶಿನಾಥ ಹಲ್ಲುಜ್ಜುತ್ತಾ ಹೊರಗೆ ಬಂದ. "ಸಾಬಣ್ಣಾ, ಹಬ್ಬ ಇನ್ನೂ ಭಾಳ ದೂರ ಐತೆಲ್ಲ."

"ತಗೊಳ್ಳಾಕ ಬಂದಿಲ್ಲೋ. ಹಿಂಗಾಲು ಎಲ್ಲಿ ಮಡಚತಾವು ನೋಡಾಕ ಬಂದೀನಿ. ಒಂದೀಟು ಎಬ್ಬಿಸಿ ನಡಿಸು."

"ನಡಿಸೂದಾ?"

"ಹೂಂ. ಆಕಡಿ ಹೋಗಿ ಈಕಡಿ ಬರಲಿ."

ಕಾಶಿನಾಥ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಆಡಿನ ಹಗ್ಗ ಬಿಚ್ಚಿದ. ಅದನ್ನು ಅತ್ತ ನಡೆಸಿದ, ಇತ್ತ ನಡೆಸಿದ. ಕನ್ಯೆ ನೋಡಲು ಬಂದ ಬೀಗರಂತೆ ಯಮನೂರಸಾಬ ತಲೆದೂಗುತ್ತಾ ಕೂತಿದ್ದ.